ಸಂಗ್ರಹಾಲಯಕ್ಕೊಂದು ವಂತಿಗೆ

ಒಂದು ಬೆಂಕಿಪೊಟ್ಟಣವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಒಂದು ಪುಸ್ತಕಕ್ಕಾಗಿ ಒಂದು ಸಂಗ್ರಹಾಲಯ ಎಂಟು ವರ್ಷ ಕಾಯಬೇಕಾಯಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಆ ಪುಸ್ತಕದ ಅಳತೆ 35 ಮಿಲಿಮೀಟರ್ ಮತ್ತು 61 ಮಿಲಿಮೀಟರ್. ಅದರ ಪುಟಗಳು 20. ಅಷ್ಟರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಪದಗಳಿವೆ. ಅಕ್ಷರಗಳನ್ನು ಓದಲು ಭೂತಗನ್ನಡಿ ಬೇಕು. ಇದನ್ನು 1830ರಲ್ಲಿ ತನ್ನ ಕೈಯಿಂದಲೇ ಬರೆದು, ಹೊಲಿದು ಸಿದ್ಧಪಡಿಸಿದವಳು ಹದಿನಾಲ್ಕು ವರ್ಷದ ಒಬ್ಬ ಹುಡುಗಿ. ಅವಳ ಹೆಸರು ಷಾರ್ಲಟ್ ಬ್ರಾಂಟೆ. ಮುಂದೆ 1847ರಲ್ಲಿ ಪ್ರಕಟವಾದ 'ಜೇನ್ ಏರ್' ಕಾದಂಬರಿಯಿಂದ ಅವಳನ್ನು ನೀವು ಬಲ್ಲಿರಿ.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಎಂಬ ಊರಿನಲ್ಲಿ ಷಾರ್ಲಟ್‌ಳ ತಂದೆ ಪಾದ್ರಿಯಾಗಿದ್ದರು. 1826ರಲ್ಲಿ ಅವರು ಮಗನಿಗೆಂದು ಮರದ ಸಿಪಾಯಿ ಬೊಂಬೆಗಳನ್ನು ತಂದುಕೊಟ್ಟರು. ಮಕ್ಕಳು ನಾಲ್ವರೂ ಸೇರಿ ಆ ಸಿಪಾಯಿಗಳಿಗೆ ಹೆಸರಿಟ್ಟರು, ರಾಜ್ಯ ಕಟ್ಟಿಕೊಟ್ಟರು, ಓದಲು ಪತ್ರಿಕೆಯನ್ನೂ ಮಾಡಿಕೊಟ್ಟರು. ಬೊಂಬೆಗಳ ಕೈಗೆ ಒಪ್ಪುವಂತಿರಬೇಕೆಂದೇ ಪತ್ರಿಕೆ ಅಷ್ಟು ಚಿಕ್ಕದು. ಷಾರ್ಲಟ್ ಹೀಗೆ ಮಾಡಿದ ಸಂಚಿಕೆಗಳು ಆರು. ಉಳಿದಿರುವುದಾಗಿ ತಿಳಿದಿರುವುದು ಐದು. ಅವುಗಳಲ್ಲಿ ನಾಲ್ಕು ಹಾವರ್ತ್‌ನ ಅದೇ ಪಾದ್ರಿ ಮನೆಯಲ್ಲಿವೆ. ಆ ಮನೆ 1928ರಿಂದ ಬ್ರಾಂಟೆ ಸಂಗ್ರಹಾಲಯವಾಗಿದೆ.

ಐದನೆಯದು 2011ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಿತು. ಸಂಗ್ರಹಾಲಯದವರೂ ಸವಾಲು ಕೂಗಿದರು. ಆದರೆ ಬೆಲೆ ಅವರ ಕೈಗೆ ಎಟುಕದಷ್ಟು ಏರಿ, ಪುಸ್ತಕ ಪ್ಯಾರಿಸ್ಸಿನ ಒಂದು ಖಾಸಗಿ ಸಂಗ್ರಹಾಲಯದ ಪಾಲಾಯಿತು. ಕೆಲವೇ ವರ್ಷಗಳಲ್ಲಿ ಆ ಖಾಸಗಿ ಸಂಸ್ಥೆ ಕುಸಿಯಿತು. 2019ರ ನವೆಂಬರಿನಲ್ಲಿ ಪುಟ್ಟ ಪುಸ್ತಕ ಪ್ಯಾರಿಸ್ಸಿನಲ್ಲಿ ಮತ್ತೆ ಹರಾಜಿಗೆ ನಿಂತಿತು. ಈ ಬಾರಿ ಸವಾಲು 6 ಲಕ್ಷ ಯೂರೋಗೆ ನಿಂತಾಗ ಗೆದ್ದವರು ಹಾವರ್ತ್‌ನವರೇ. ಪುಸ್ತಕ ಹುಟ್ಟಿದ ಮನೆಗೆ ಮರಳಿತು.

2011ರಲ್ಲಿ ಸೋತ ಸಂಸ್ಥೆ 2019ರಲ್ಲಿ ಗೆದ್ದದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಸಂಗ್ರಹಾಲಯಗಳೂ ಗ್ರಂಥಾಲಯಗಳೂ ಬೆಳೆಯುವ ಬಗೆಯ ಒಂದು ಇಡೀ ಕಥೆಯಿದೆ.

ನಿಧಾನದ ಬಜೆಟ್ಟು, ಚುರುಕಿನ ಹರಾಜು

ಸಂಗ್ರಹಾಲಯಕ್ಕೆ ವರ್ಷಕ್ಕೊಮ್ಮೆ ಅನುದಾನ ಬರುತ್ತದೆ. ಅದರಲ್ಲಿ ಸಿಬ್ಬಂದಿಯ ಸಂಬಳ, ವಿದ್ಯುತ್ತು, ಕಾವಲು, ಸೋರುವ ಮಾಡಿನ ದುರಸ್ತಿ, ಹಳೆಯ ವಸ್ತುಗಳಿಗೆ ಹುಳ ಹಿಡಿಯದಂತೆ ನೋಡಿಕೊಳ್ಳುವ ಖರ್ಚು, ಇವೆಲ್ಲ ಕಳೆದು ಉಳಿದದ್ದು ಹೊಸ ಖರೀದಿಗೆ. ಬಹಳ ಕಡೆ ಉಳಿಯುವುದೇ ಇಲ್ಲ. ಉಳಿದರೂ ಒಂದು ವಸ್ತುವನ್ನು ಕೊಳ್ಳಬೇಕೆಂದರೆ ತಜ್ಞರ ವರದಿ, ಸಮಿತಿಯ ಸಭೆ, ಮಂಜೂರಾತಿ, ಹೀಗೆ ಕಡತ ಮೇಜಿನಿಂದ ಮೇಜಿಗೆ ಸಾಗಬೇಕು. ಸಾರ್ವಜನಿಕ ಹಣವಾದ್ದರಿಂದ ಇದು ತಪ್ಪೂ ಅಲ್ಲ.

ಹರಾಜಿನ ರೀತಿಯೇ ಬೇರೆ. ದಿನ ಗೊತ್ತಾಗಿರುತ್ತದೆ. ಕೆಲವೇ ನಿಮಿಷಗಳಲ್ಲಿ ಸುತ್ತಿಗೆ ಬೀಳುತ್ತದೆ. ಆಗ ಹಣ ಇಲ್ಲದವನಿಗೆ ಮುಂದಿನ ತಿಂಗಳು ಬನ್ನಿ ಎನ್ನುವವರಿಲ್ಲ. ಕೊಂಡವರು ಖಾಸಗಿಯವರಾದರೆ ಆ ವಸ್ತುವನ್ನು ಯಾರಿಗೂ ತೋರಿಸಬೇಕಾದ ಕಟ್ಟುಪಾಡು ಅವರಿಗಿಲ್ಲ. ಬೀರುವಿನೊಳಗೆ ಸೇರಿದ್ದು ಎರಡು ಮೂರು ತಲೆಮಾರು ಹೊರಗೆ ಬರದೆಯೂ ಇರಬಹುದು.

ಇದರಿಂದ ಆಗುವ ನಷ್ಟವೇನೆಂದು ನೀವು ಕೇಳಬಹುದು. ಷಾರ್ಲಟ್‌ಳ ಆ ಪುಟ್ಟ ಪುಸ್ತಕವನ್ನೇ ತೆಗೆದುಕೊಳ್ಳೋಣ. ಅದರ ಒಂದು ಕಥೆಯಲ್ಲಿ ಮಂಚದ ಪರದೆಗೆ ಬೆಂಕಿ ಹತ್ತುವ ಒಂದು ಸನ್ನಿವೇಶವಿದೆ. ಹದಿನೇಳು ವರ್ಷಗಳ ತರುವಾಯ 'ಜೇನ್ ಏರ್' ಕಾದಂಬರಿಯಲ್ಲಿ ಬರುವ ಅಂಥದೇ ಪ್ರಸಂಗವನ್ನು ಓದಿದವರು ಮರೆಯಲಾರರು. ಒಬ್ಬ ಲೇಖಕಿಯ ಮನಸ್ಸಿನಲ್ಲಿ ಒಂದು ಚಿತ್ರ ಬಾಲ್ಯದಿಂದಲೂ ಹೇಗೆ ಕೆಂಡದಂತೆ ಉಳಿದಿತ್ತು ಎಂಬುದನ್ನು ತಿಳಿಯಲು ಪುಸ್ತಕ ತೆರೆದ ಜಾಗದಲ್ಲಿರಬೇಕು.

ಅನುದಾನದ ನಿಧಾನಕ್ಕೂ ಮಾರುಕಟ್ಟೆಯ ವೇಗಕ್ಕೂ ನಡುವೆ ಸೇತುವೆಯಾಗಿ ನಿಲ್ಲುವುದೇ ದಾನಿಗಳ ಸಂಘ.

ಗೆಳೆಯರ ಬಳಗಗಳು

ಇಂಥ ಸಂಘಗಳನ್ನು ಯೂರೋಪಿನಲ್ಲಿ 'ಸ್ನೇಹಿತರು' ಎಂದೇ ಕರೆಯುವ ರೂಢಿ ಇದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಸ್ನೇಹಿತರ ಸಂಘ 1897ರಲ್ಲಿ ಹುಟ್ಟಿತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯಕ್ಕೆ 1925ರಲ್ಲಿ ಅಂಥ ಸಂಘ ಬಂತು. 1931ರಲ್ಲಿ ಬ್ರಿಟನ್ನಿನ ಎಲ್ಲ ಗ್ರಂಥಾಲಯಗಳಿಗೂ ನೆರವಾಗಲೆಂದು 'ರಾಷ್ಟ್ರೀಯ ಗ್ರಂಥಾಲಯಗಳ ಸ್ನೇಹಿತರು' ಎಂಬ ಸಂಸ್ಥೆ ಆರಂಭವಾಯಿತು. ಹಾವರ್ತ್‌ನ ಸಂಗ್ರಹಾಲಯವನ್ನು ನಡೆಸುವುದೂ ಸರ್ಕಾರವಲ್ಲ, 1893ರಲ್ಲಿ ಓದುಗರೇ ಕಟ್ಟಿಕೊಂಡ ಬ್ರಾಂಟೆ ಸಂಘ. ಆ ಪಾದ್ರಿ ಮನೆಯನ್ನು ಕೊಂಡು ಸಂಘಕ್ಕೆ ದಾನವಾಗಿ ಕೊಟ್ಟವರು ಅದೇ ಊರಿನಲ್ಲಿ ಹುಟ್ಟಿ ಉಣ್ಣೆ ವ್ಯಾಪಾರದಲ್ಲಿ ಮುಂದೆ ಬಂದ ಜೇಮ್ಸ್ ರಾಬರ್ಟ್ಸ್.

ಇವುಗಳಲ್ಲಿ ಬಹು ಹೆಸರಾದದ್ದು 1903ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕಲಾಸಂಗ್ರಹ ನಿಧಿ. ಇಂದು ಅದನ್ನು ಆರ್ಟ್ ಫಂಡ್ ಎನ್ನುತ್ತಾರೆ. ಬ್ರಿಟನ್ನಿನ ಹಳೆಯ ಮನೆತನಗಳು ತಮ್ಮ ಚಿತ್ರಗಳನ್ನು ಮಾರುತ್ತಿದ್ದ ಕಾಲ ಅದು. ಅಮೆರಿಕದ ಶ್ರೀಮಂತರೂ ಬರ್ಲಿನ್ನಿನ ಸಂಗ್ರಹಾಲಯಗಳೂ ಅವುಗಳನ್ನು ಕೊಳ್ಳುತ್ತಿದ್ದರು. ಆಗ ಕೆಲವು ಕಲಾವಿದರೂ ವಿಮರ್ಶಕರೂ ಕೂಡಿ ಈ ನಿಧಿಯನ್ನು ಕಟ್ಟಿದರು. ಅವರಲ್ಲಿ ಮುಂದಾಳು ಕ್ರಿಶ್ಚಿಯಾನಾ ಹೆರಿಂಗ್‌ಹ್ಯಾಮ್ ಎಂಬ ಕಲಾವಿದೆ.

ಈ ಹೆಸರನ್ನು ನೀವು ನೆನಪಿಡಬೇಕು. ಏಕೆಂದರೆ ಈಕೆಯೇ ಮುಂದೆ ಭಾರತಕ್ಕೆ ಬಂದು, ಅಳಿದುಹೋಗುತ್ತಿದ್ದ ಅಜಂತಾ ಭಿತ್ತಿಚಿತ್ರಗಳ ಪ್ರತಿ ತೆಗೆದವರು. ಆ ಕೆಲಸದಲ್ಲಿ ನೆರವಾದ ತರುಣರಲ್ಲಿ ನಂದಲಾಲ್ ಬೋಸ್ ಅವರ ಜೊತೆ ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಚಿತ್ರಶಾಲೆಗೆ ಅವರದೇ ಹೆಸರು. ನೋಡುವವರಿಗೆ ಸಿಗದೆ ಹೋಗುವ ಕಲೆಯನ್ನು ಉಳಿಸಬೇಕೆಂಬ ಒಂದೇ ಚಿಂತೆ ಹೆರಿಂಗ್‌ಹ್ಯಾಮ್ ಅವರನ್ನು ಲಂಡನ್ನಿನಲ್ಲಿ ನಿಧಿ ಕಟ್ಟಿಸಿತು, ಅಜಂತಾದ ಗುಹೆಗಳಲ್ಲಿ ಕುಂಚ ಹಿಡಿಸಿತು.

ಹಣ ಕೂಡುವ ಬಗೆಗಳು

ಮೊದಲನೆಯದು ವಾರ್ಷಿಕ ಚಂದಾ. ಸಾವಿರಾರು ಸದಸ್ಯರು ವರ್ಷವರ್ಷವೂ ಸಣ್ಣ ಮೊತ್ತ ಕೊಡುತ್ತಾರೆ. ಸಂಘ ಅದನ್ನು ಕೂಡಿಟ್ಟುಕೊಂಡಿರುತ್ತದೆ. ಹರಾಜಿನ ಸುದ್ದಿ ಬಂದ ದಿನ ಸಂಗ್ರಹಾಲಯದವರು ಅರ್ಜಿ ಹಾಕಿದರೆ, ಸಂಘದ ತಜ್ಞರು ಪರಿಶೀಲಿಸಿ ಬೇಗನೆ ನೆರವು ಕೊಡಬಲ್ಲರು. ಸಾಮಾನ್ಯವಾಗಿ ಪೂರ್ತಿ ಬೆಲೆಯನ್ನು ಕೊಡುವುದಿಲ್ಲ. ಒಂದು ಪಾಲು ಕೊಟ್ಟು, ಉಳಿದದ್ದನ್ನು ಬೇರೆ ಕಡೆಯಿಂದ ತರುವಂತೆ ಹೇಳುತ್ತಾರೆ.

ಎರಡನೆಯದು ತುರ್ತಿನ ವಂತಿಗೆ. ಊರ ಜಾತ್ರೆಗೆ, ತೇರಿನ ದುರಸ್ತಿಗೆ ಮನೆಮನೆಯಿಂದ ವಂತಿಗೆ ಎತ್ತುವುದನ್ನು ನೀವು ಕಂಡಿದ್ದೀರಿ. ಇದೂ ಹಾಗೆಯೇ. ನಿಧಿ ಹುಟ್ಟಿ ಮೂರೇ ವರ್ಷವಾಗಿದ್ದಾಗ, 1906ರಲ್ಲಿ, ಸ್ಪೇನಿನ ವೆಲಾಸ್ಕೆಸ್ ಬರೆದ ಕನ್ನಡಿ ನೋಡುವ ವೀನಸ್ ಚಿತ್ರವನ್ನು 45,000 ಪೌಂಡಿಗೆ ಕೊಂಡು ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸಿತು. ಹೆಸರು ಹೇಳದೆ ಹಣ ಕೊಟ್ಟವರಲ್ಲಿ ಆಗಿನ ದೊರೆ ಏಳನೆಯ ಎಡ್ವರ್ಡ್ ಕೂಡ ಒಬ್ಬ. 1962ರಲ್ಲಿ ಲಿಯೊನಾರ್ಡೊ ಡ ವಿಂಚಿಯ ಒಂದು ದೊಡ್ಡ ಇದ್ದಿಲುರೇಖೆಯ ಚಿತ್ರ ಮಾರಾಟಕ್ಕೆ ಬಂದಿತು. ಬೇಕಾಗಿದ್ದದ್ದು 8 ಲಕ್ಷ ಪೌಂಡು. ಚಿತ್ರವನ್ನು ಜನರ ಮುಂದಿಟ್ಟರು. ಸುಮಾರು ನಾಲ್ಕು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಬಂದು ನೋಡಿದರು, ಕೈಲಾದಷ್ಟು ಕೊಟ್ಟರು. ಸರ್ಕಾರ ಮೂರೂವರೆ ಲಕ್ಷ ಕೊಟ್ಟಿತು. ಚಿತ್ರ ದೇಶದಲ್ಲಿ ಉಳಿಯಿತು.

ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಿಜ. ಆದರೆ ಹಳ್ಳ ಯಾವಾಗಲೂ ಹನಿಗಳಿಂದಲೇ ತುಂಬುವುದಿಲ್ಲ ಎಂಬುದನ್ನೂ ಹೇಳಬೇಕು. 1909ರಲ್ಲಿ ಹೋಲ್ಬೈನ್ ಬರೆದ ಡೆನ್ಮಾರ್ಕಿನ ರಾಜಕುಮಾರಿ ಕ್ರಿಸ್ಟಿನಾಳ ಭಾವಚಿತ್ರಕ್ಕೆ 72,000 ಪೌಂಡು ಬೇಕಾಗಿತ್ತು. ವಂತಿಗೆ ಅರ್ಧಕ್ಕೂ ಬಾರದೆ ಗಡುವು ಸಮೀಪಿಸಿತು. ಕಡೆಯ ಗಳಿಗೆಯಲ್ಲಿ ಹೆಸರು ಹೇಳಲೊಪ್ಪದ ಒಬ್ಬ ಮಹಿಳೆ 40,000 ಪೌಂಡು ಕೊಟ್ಟರು. ಅವರಿಲ್ಲದಿದ್ದರೆ ಆ ಚಿತ್ರ ಇಂದು ನ್ಯಾಷನಲ್ ಗ್ಯಾಲರಿಯ ಗೋಡೆಯ ಮೇಲೆ ಇರುತ್ತಿರಲಿಲ್ಲ.

ಮೂರನೆಯದು ಸಮಪಾಲಿನ ಒಪ್ಪಂದ. 1933ರಲ್ಲಿ ಸೋವಿಯತ್ ಸರ್ಕಾರ 'ಕೋಡೆಕ್ಸ್ ಸೈನಾಯಿಟಿಕಸ್' ಎಂಬ ಹಸ್ತಪ್ರತಿಯನ್ನು ಮಾರಲು ಒಪ್ಪಿತು. ಇದು ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ಗ್ರೀಕ್ ಭಾಷೆಯಲ್ಲಿ ಬರೆದ ಬೈಬಲ್. ಬೆಲೆ ಒಂದು ಲಕ್ಷ ಪೌಂಡು. ಜನ ಕೊಡುವ ಪ್ರತಿ ಪೌಂಡಿಗೂ ತಾನೊಂದು ಪೌಂಡು ಕೊಡುವುದಾಗಿ ಬ್ರಿಟಿಷ್ ಸರ್ಕಾರ ಹೇಳಿತು. ಆರ್ಥಿಕ ಮುಗ್ಗಟ್ಟಿನಿಂದ ಲಕ್ಷಾಂತರ ಜನ ಕೆಲಸವಿಲ್ಲದೆ ಕುಳಿತಿದ್ದ ಕಾಲ. ಇಂಥ ಹೊತ್ತಿನಲ್ಲಿ ಒಂದು ಪುಸ್ತಕಕ್ಕೆ ಇಷ್ಟು ಹಣವೇ ಎಂದು ವಿರೋಧಿಸಿದವರೂ ಇದ್ದರು. ಆದರೂ ಆ ಡಿಸೆಂಬರ್ 27ರಂದು ಹಸ್ತಪ್ರತಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದಾಗ ಜನ ಸಾಲುಗಟ್ಟಿ ನಿಂತು ನೋಡಿದರು, ಪೆಟ್ಟಿಗೆಗೆ ಕಾಸು ಹಾಕಿದರು. ಕೊನೆಗೆ ಅರ್ಧಕ್ಕೂ ಹೆಚ್ಚು ಹಣ ಸಾರ್ವಜನಿಕರಿಂದಲೇ ಬಂದಿತು.

ನಾಲ್ಕನೆಯದು ಸಮಯವನ್ನು ಗಳಿಸಿಕೊಡುವುದು. ಬ್ರಿಟನ್ನಿನಲ್ಲಿ ಅಮೂಲ್ಯ ವಸ್ತುವೊಂದನ್ನು ಹೊರದೇಶದವರು ಕೊಂಡರೆ, ರಫ್ತಿನ ಪರವಾನಗಿಯನ್ನು ಸರ್ಕಾರ ಕೆಲವು ತಿಂಗಳು ತಡೆಹಿಡಿಯಬಹುದು. ಅಷ್ಟರಲ್ಲಿ ದೇಶದ ಸಂಸ್ಥೆಯೊಂದು ಅದೇ ಬೆಲೆ ಕೊಡಲು ಮುಂದೆ ಬಂದರೆ ವಸ್ತು ಉಳಿಯುವ ದಾರಿ ತೆರೆಯುತ್ತದೆ. 2004ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಸಾಲ್ಟರ್ ಎಂಬ ಹದಿನಾಲ್ಕನೆಯ ಶತಮಾನದ ಚಿತ್ರಿತ ಪ್ರಾರ್ಥನಾ ಗ್ರಂಥವನ್ನು ಅಮೆರಿಕದ ಗೆಟ್ಟಿ ಸಂಗ್ರಹಾಲಯ ಸುಮಾರು 17 ಲಕ್ಷ ಪೌಂಡಿಗೆ ಹರಾಜಿನಲ್ಲಿ ಗೆದ್ದಿತ್ತು. ರಫ್ತು ತಡೆಯಾದ ಆ ಕೆಲವು ತಿಂಗಳಲ್ಲಿ ಕಲಾಸಂಗ್ರಹ ನಿಧಿ ಜನರಿಗೆ ಕರೆ ಕೊಟ್ಟಿತು. ಸಾರ್ವಜನಿಕ ನಿಧಿಗಳೂ ಕೈಜೋಡಿಸಿದವು. 2005ರಲ್ಲಿ ಗ್ರಂಥ ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಮ್ ಸಂಗ್ರಹಾಲಯ ಸೇರಿತು.

2021ರಲ್ಲಿ ಇನ್ನೂ ದೊಡ್ಡ ಪ್ರಸಂಗ ನಡೆಯಿತು. ಹಾನರ್ಸ್‌ಫೀಲ್ಡ್ ಗ್ರಂಥಭಂಡಾರ ಎಂಬ ಖಾಸಗಿ ಸಂಗ್ರಹ ಹರಾಜಿಗೆ ಬರುವ ಸುದ್ದಿ ಹಬ್ಬಿತು. ಎಮಿಲಿ ಬ್ರಾಂಟೆಯ ಕೈಬರಹದ ಕವಿತೆಗಳು, ರಾಬರ್ಟ್ ಬರ್ನ್ಸ್‌ನ ಟಿಪ್ಪಣಿ ಪುಸ್ತಕ, ವಾಲ್ಟರ್ ಸ್ಕಾಟ್‌ನ 'ರಾಬ್ ರಾಯ್' ಕಾದಂಬರಿಯ ಹಸ್ತಪ್ರತಿ, ಜೇನ್ ಆಸ್ಟಿನ್ ಬರೆದ ಪತ್ರಗಳು, ಎಲ್ಲವೂ ಅದರಲ್ಲಿದ್ದವು. ಬಿಡಿಬಿಡಿಯಾಗಿ ಮಾರಿದರೆ ಲೋಕದ ಮೂಲೆಮೂಲೆಗೆ ಚದುರುತ್ತಿದ್ದವು. ರಾಷ್ಟ್ರೀಯ ಗ್ರಂಥಾಲಯಗಳ ಸ್ನೇಹಿತರು ಹರಾಜು ಸಂಸ್ಥೆಯವರೊಂದಿಗೆ ಮಾತಾಡಿ ಮಾರಾಟವನ್ನು ಮುಂದಕ್ಕೆ ಹಾಕಿಸಿದರು. ಆ ಅವಧಿಯಲ್ಲಿ 1.5 ಕೋಟಿ ಪೌಂಡು ಕೂಡಿಸಿ ಇಡೀ ಭಂಡಾರವನ್ನೇ ಕೊಂಡರು. ಅರ್ಧ ಹಣ ಕೊಟ್ಟವರು ಲೆನ್ ಬ್ಲಾವಟ್ನಿಕ್ ಎಂಬ ಶ್ರೀಮಂತರು. ಸಂಘ ಅದನ್ನು ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ಯಾವುದು ಯಾವ ಊರಿಗೆ, ಯಾವ ಗ್ರಂಥಾಲಯಕ್ಕೆ ಸಲ್ಲಬೇಕೋ ಅಲ್ಲಿಗೆ ಹಂಚಿತು.

ಸಣ್ಣ ಹಣದ ದೊಡ್ಡ ಕೆಲಸ

ಈಗ ಹಾವರ್ತ್‌ನ ಪುಟ್ಟ ಪುಸ್ತಕಕ್ಕೆ ಮರಳೋಣ. 2019ರಲ್ಲಿ ಬ್ರಾಂಟೆ ಸಂಘ ಮುಂಚಿತವಾಗಿಯೇ ಜನರಿಗೆ ಕರೆ ಕೊಟ್ಟಿತ್ತು. ಸಾವಿರಕ್ಕೂ ಹೆಚ್ಚು ಜನ ಸೇರಿ 80 ಸಾವಿರ ಪೌಂಡಿಗೂ ಮೀರಿ ಕೊಟ್ಟರು. ಲೆಕ್ಕ ಹಾಕಿದರೆ ಇದು ಪುಸ್ತಕದ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಬಹುಪಾಲು ಹಣ ದೊಡ್ಡ ನಿಧಿಗಳಿಂದ, ದತ್ತಿಗಳಿಂದ ಬಂದದ್ದು. ಹಾಗಾದರೆ ಆ ಸಾವಿರ ಜನರ ಕಾಣಿಕೆಗೆ ಬೆಲೆಯಿಲ್ಲವೇ?

ಬಹಳ ಬೆಲೆಯಿದೆ. ದೊಡ್ಡ ನಿಧಿಯ ಅಧಿಕಾರಿಯ ಮೇಜಿನ ಮೇಲೆ ನೂರಾರು ಅರ್ಜಿಗಳಿರುತ್ತವೆ. ಪ್ರತಿಯೊಂದೂ ತನ್ನ ವಸ್ತು ಅಮೂಲ್ಯವೆಂದೇ ಹೇಳುತ್ತದೆ. ಯಾವುದು ನಿಜವಾಗಿ ಜನಕ್ಕೆ ಬೇಕಾದದ್ದು ಎಂದು ಅವರು ತಿಳಿಯುವುದು ಹೇಗೆ? ಸಾವಿರ ಮಂದಿ ತಮ್ಮ ಜೇಬಿನಿಂದ ಕೊಟ್ಟಿದ್ದಾರೆ ಎಂಬ ಪಟ್ಟಿ ಅವರ ಮುಂದೆ ಸಾಕ್ಷಿಯಾಗುತ್ತದೆ. ಸಣ್ಣ ಹಣ ದಾರಿ ತೋರಿಸುತ್ತದೆ, ದೊಡ್ಡ ಹಣ ಆ ದಾರಿಯಲ್ಲಿ ಬರುತ್ತದೆ.

ಇನ್ನೊಂದು ಲಾಭವೂ ಇದೆ. ಐದು ಪೌಂಡು ಕೊಟ್ಟವನು ಆ ಪುಸ್ತಕವನ್ನು ನೋಡಲು ಬರುತ್ತಾನೆ, ಮಗಳನ್ನು ಕರೆತರುತ್ತಾನೆ. ಸಂಗ್ರಹಾಲಯದ ಅನುದಾನಕ್ಕೆ ಕತ್ತರಿ ಬಿದ್ದ ದಿನ ಮೊದಲು ದನಿಯೆತ್ತುವವನೂ ಅವನೇ. ಅನುದಾನ ವಸ್ತುವನ್ನು ತರಬಲ್ಲದು. ಅದನ್ನು ಕಾಯುವ ಜನರನ್ನು ತರುವುದು ವಂತಿಗೆ.

ಎಮ್ಮೆಯ ಹಲ್ಲನ್ನು ಎಣಿಸಲೇಬೇಕು

ದಾನದ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ಗಾದೆ ನಮ್ಮಲ್ಲಿದೆ. ಸಂಗ್ರಹಾಲಯಗಳು ಮಾತ್ರ ಎಣಿಸಲೇಬೇಕು.

ಕೆಲವು ದಾನಿಗಳು ಷರತ್ತು ಹಾಕುತ್ತಾರೆ. ತಾವು ಕೊಟ್ಟ ವಸ್ತು ಸದಾ ಮುಂದಿನ ಕೋಣೆಯಲ್ಲೇ ಇರಬೇಕು, ತಮಗೆ ಮೆಚ್ಚಿಗೆಯಾದ ಕಲಾವಿದನನ್ನೇ ಕೊಳ್ಳಬೇಕು ಎನ್ನುವವರುಂಟು. ಇದಕ್ಕೆ ಒಪ್ಪಿದರೆ ಸಂಗ್ರಹಾಲಯ ದಾನಿಯ ಬೈಠಕ್‌ಖಾನೆಯಾದೀತು. ಆದ್ದರಿಂದ ಏನನ್ನು ಕೊಳ್ಳಬೇಕೆಂಬ ತೀರ್ಮಾನ ತಜ್ಞರದಾಗಿರಬೇಕು, ಹಣ ಮಾತ್ರ ಸಂಘದ್ದು. ಜೊತೆಗೆ, ಬಂದ ವಸ್ತುವನ್ನು ಕಾಪಾಡುವ ಖರ್ಚು ಪ್ರತಿವರ್ಷವೂ ಇರುತ್ತದೆ. ಕೊಳ್ಳಲು ಹಣ ಕೊಡುವವರು ಬೇಗ ಸಿಗುತ್ತಾರೆ, ಧೂಳು ಹೊಡೆಯಲು ಕೊಡುವವರು ಸಿಗುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಈ ವಸ್ತು ಮಾರುವವನ ಕೈಗೆ ಬಂದದ್ದು ಹೇಗೆ ಎಂಬುದು. ಕೋಡೆಕ್ಸ್ ಸೈನಾಯಿಟಿಕಸ್ ಶತಮಾನಗಳ ಕಾಲ ಇದ್ದದ್ದು ಈಜಿಪ್ಟಿನ ಸೈನಾಯ್ ಬೆಟ್ಟದ ಸಂತ ಕ್ಯಾಥರೀನಳ ಮಠದಲ್ಲಿ. ಟಿಷೆನ್‌ಡಾರ್ಫ್ ಎಂಬ ಜರ್ಮನ್ ವಿದ್ವಾಂಸ 1844ರಲ್ಲಿ ಅದರ 43 ಹಾಳೆಗಳನ್ನು ಲೈಪ್‌ಜಿಗ್‌ಗೆ ಒಯ್ದ. 1859ರಲ್ಲಿ ಹೆಚ್ಚಿನ ಭಾಗವನ್ನು ರಷ್ಯಾಕ್ಕೆ ಒಯ್ದು ಚಕ್ರವರ್ತಿಗೆ ಒಪ್ಪಿಸಿದ. ಅದು ಎರವಲಾಗಿತ್ತೇ, ದಾನವಾಗಿತ್ತೇ ಎಂಬ ವಿವಾದ ಬಹುಕಾಲ ನಡೆಯಿತು. 1933ರಲ್ಲಿ ಪೆಟ್ಟಿಗೆಗೆ ಕಾಸು ಹಾಕಿದ ಜನರ ಔದಾರ್ಯ ನಿಜವಾದದ್ದೇ. ಆದರೆ ಸೈನಾಯ್ ಮಠದವರ ನೋವೂ ನಿಜವಾದದ್ದೇ. ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸೈನಾಯ್ ಈ ನಾಲ್ಕು ಕಡೆಯವರೂ ಒಟ್ಟುಗೂಡಿ, ತಮ್ಮಲ್ಲಿರುವ ಹಾಳೆಗಳ ಛಾಯಾಚಿತ್ರಗಳನ್ನು 2009ರಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಚದುರಿದ ಗ್ರಂಥ ಕಣ್ಣಿಗಾದರೂ ಒಂದಾಯಿತು.

ನಮ್ಮಲ್ಲಿ

ಹಣವಿಲ್ಲದೆಯೂ ದಾನ ಮಾಡಬಹುದು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟನ್ನು ತಂದು ಒಪ್ಪಿಸಿದರು. ಅಲ್ಲಿನ ಗ್ರಂಥಪಾಲಕರಾದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದಾಗ, ಅದು ಕೌಟಿಲ್ಯನ 'ಅರ್ಥಶಾಸ್ತ್ರ'. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದ ಮೇಲೆ ಪ್ರಾಚೀನ ಭಾರತದ ಚರಿತ್ರೆಯ ಪಾಠವೇ ಬದಲಾಯಿತು. ಆ ಪಂಡಿತರು ಕಟ್ಟನ್ನು ಅಟ್ಟದ ಮೇಲೆಯೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ, ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಗಡಿ ದಾಟದಂತೆ ಕಾಯಿದೆ ತಡೆಯಬಲ್ಲದು. ಆದರೆ ಅಟ್ಟದ ಮೇಲೆ ಗೆದ್ದಲು ತಿನ್ನುವುದನ್ನು ಕಾಯಿದೆ ತಡೆಯಲಾರದು. ಅದಕ್ಕೆ ಜನ ಬೇಕು. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ನಿಮ್ಮ ಮನೆಯವರೂ ತಿಳಿಯದೆಯೇ ಗ್ರಂಥಾಲಯಕ್ಕೆ ವಂತಿಗೆ ಕೊಟ್ಟವರೇ. ತಿಳಿದು ಕೊಡುವುದು ಅದರ ಮುಂದಿನ ಹೆಜ್ಜೆ.

ಮುಂದಿನ ಸಲ ಸಂಗ್ರಹಾಲಯಕ್ಕೆ ಹೋದಾಗ ವಸ್ತುವಿನ ಕೆಳಗಿರುವ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿ. ಇಂಥವರ ಕೊಡುಗೆ, ಇಂಥವರ ನೆರವಿನಿಂದ ಕೊಂಡದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದುಂಟು. ಆ ವಸ್ತು ನಿಮ್ಮ ಕಣ್ಣಮುಂದೆ ಏಕಿದೆ ಎಂಬುದನ್ನು ಹೇಳುವುದು ಆ ಸಾಲೇ. ನಿಮ್ಮ ಅಜ್ಜನ ಮನೆಯಲ್ಲಿ ಬಟ್ಟೆ ಸುತ್ತಿದ ಕಡತವೋ ಓಲೆಗರಿಯೋ ಇದ್ದರೆ, ಅದನ್ನು ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಹಳೆಯ ಕಾಗದದವನಿಗೆ ತೂಕಕ್ಕೆ ಹಾಕಲಂತೂ ಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರಿಗೆ ಒಮ್ಮೆ ತೋರಿಸಿ. ಕಾಲೇಜಿನಲ್ಲಿ ಹತ್ತು ಜನ ಗೆಳೆಯರು ಸೇರಿ ತಿಂಗಳಿಗೆ ಇಷ್ಟೆಂದು ಕೂಡಿಸಿ ನಿಮ್ಮ ಗ್ರಂಥಾಲಯಕ್ಕೆ ವರ್ಷಕ್ಕೊಂದು ಒಳ್ಳೆಯ ಪುಸ್ತಕ ಕೊಟ್ಟರೂ ಅದು ಇದೇ ಕೆಲಸ. ಯಾವ ಪುಸ್ತಕ ಬೇಕೆಂದು ಮಾತ್ರ ಮೊದಲು ಗ್ರಂಥಪಾಲಕರನ್ನು ಕೇಳಿ.